ಒಂದೇ ಟೇಪು, ಒಂಬತ್ತು ಅಂಗಿ

ಡೆಟ್ರಾಯಿಟ್‌ನ ಬ್ಯಾಗ್ಲಿ ರಸ್ತೆಯಲ್ಲಿ ಒಂದು ಪಾರ್ಕಿಂಗ್ ಕಟ್ಟಡ ಇದೆ. ಕಾರು ನಿಲ್ಲಿಸಿ ತಲೆ ಎತ್ತಿದರೆ ಮೇಲೆ ಅರಮನೆಯ ಚಾವಣಿ ಕಾಣುತ್ತದೆ. ಗಾರೆಯ ಹೂಬಳ್ಳಿ, ಒಡೆದ ಕಮಾನು, ಅದರ ಕೆಳಗೆ ಸಾಲಾಗಿ ನಿಂತ ಪಿಕಪ್ ಟ್ರಕ್ಕುಗಳು. 1926ರಲ್ಲಿ ಕಟ್ಟಿದ ಮಿಶಿಗನ್ ಥಿಯೇಟರ್ ಅದು. ನಾಲ್ಕು ಸಾವಿರಕ್ಕೂ ಜಾಸ್ತಿ ಜನ ಕೂರುತ್ತಿದ್ದರು. 1976ರಲ್ಲಿ ಮುಚ್ಚಿತು. ಪೂರ್ತಿ ಕೆಡವಿದರೆ ಅಂಟಿಕೊಂಡಿರುವ ಆಫೀಸ್ ಕಟ್ಟಡಕ್ಕೆ ಪೆಟ್ಟು ಅಂತ ಒಳಗಿನದ್ದಷ್ಟೇ ಕಿತ್ತುಹಾಕಿ ಪಾರ್ಕಿಂಗ್ ಮಾಡಿದರು. ಹೆನ್ರಿ ಫೋರ್ಡ್ ತನ್ನ ಮೊದಲ ಗಾಡಿ ಕಟ್ಟಿದ ಶೆಡ್ ಇದ್ದದ್ದೂ ಇದೇ ಜಾಗದಲ್ಲಿ. ಕಾರು ಹುಟ್ಟಿದ ಕಡೆ ಥಿಯೇಟರ್ ಬಂತು, ಥಿಯೇಟರ್ ಹೋಗಿ ಮತ್ತೆ ಕಾರೇ ಬಂತು.

ನಾನು ಅಲ್ಲಿ ಕಾರು ನಿಲ್ಲಿಸುವುದು ಬೇರೆ ಕಾರಣಕ್ಕೆ. ಕೊನೆಗಾಲದಲ್ಲಿ ಆ ಥಿಯೇಟರಿಗೆ ಮಿಶಿಗನ್ ಪ್ಯಾಲೇಸ್ ಅಂತ ಹೆಸರಿತ್ತು. 1974ರ ಫೆಬ್ರುವರಿ 9ರ ರಾತ್ರಿ ಸ್ಟೂಜಸ್ ಅನ್ನುವ ಬ್ಯಾಂಡ್ ಅಲ್ಲಿ ಕೊನೆಯ ಸಲ ನುಡಿಸಿತು. ಜನ ಮೊಟ್ಟೆ ಎಸೆದರು, ಐಸ್ ಎಸೆದರು, ಬಾಟಲಿ ಎಸೆದರು. ಅಲ್ಲಿಗೆ ಬ್ಯಾಂಡ್ ಮುಗಿಯಿತು. ನನ್ನ ಹುಚ್ಚು ಶುರುವಾಗುವುದು ಬ್ಯಾಂಡ್ ಮುಗಿದ ಅಲ್ಲಿಂದ. ಬದುಕಿದ್ದಾಗ ಅವರು ಹೊರತಂದದ್ದು ಮೂರೇ ಆಲ್ಬಮ್. ಸತ್ತ ಮೇಲೆ ಬಂದದ್ದನ್ನು ಎಣಿಸಲು ಕೂತರೆ ಒಂದು ಸಂಜೆ ಸಾಲದು.

ನಾನು ಧಾರವಾಡದವನು. ಕಾರಿನ ಬ್ರೇಕ್ ಮಾಡುವ ಕೆಲಸ. ಮಿಶಿಗನ್‌ಗೆ ಬಂದು ಹದಿನಾರು ವರ್ಷ ಆಯಿತು. ಈ ಸಂಗೀತ ನನಗೆ ಮನೆಯಿಂದ ಬಂದದ್ದಲ್ಲ. ಮನೆಯಲ್ಲಿ ಇದ್ದದ್ದು ಹಿಂದೂಸ್ತಾನಿ. ನನ್ನ ಸೋದರಮಾವನ ಹತ್ತಿರ ಎರಡು ಟ್ರಂಕ್ ತುಂಬ ಕ್ಯಾಸೆಟ್ ಇದ್ದವು. ಅಂಗಡಿಯಲ್ಲಿ ಸಿಗುವ ಕ್ಯಾಸೆಟ್ ಅಲ್ಲ. ಯಾರದೋ ಮನೆಯ ಬೈಠಕ್ಕಿನಲ್ಲಿ ಯಾರೋ ರೆಕಾರ್ಡ್ ಮಾಡಿದ್ದು, ಅದರಿಂದ ಇನ್ಯಾರೋ ಇಳಿಸಿಕೊಂಡಿದ್ದು, ಕೈಯಿಂದ ಕೈಗೆ ಬಂದದ್ದು. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ತಾರೀಖು, ಊರು, ತಬಲಾ ಯಾರು, ಹಾರ್ಮೋನಿಯಂ ಯಾರು ಅಂತ ಬರೆದಿರುತ್ತಿತ್ತು. ಬರೆದಿಲ್ಲದ ಟೇಪ್ ಯಾರಾದರೂ ತಂದರೆ ಮಾಮಾ ಮುಟ್ಟುತ್ತಲೇ ಇರಲಿಲ್ಲ. "ತಾರೀಖ ಇಲ್ಲಾಂದ್ರ ಇದು ಯಾರ ಮಗಾ ಅಂತ ಹ್ಯಾಂಗ ಹೇಳ್ಲಿ?" ಅನ್ನುತ್ತಿದ್ದರು. ಆಗ ನಗು ಬರುತ್ತಿತ್ತು. ಮುಂದೆ ನೂರಾರು ಡಾಲರ್ ಕಳೆದುಕೊಂಡ ಮೇಲೆ ಆ ಮಾತು ಅರ್ಥ ಆಯಿತು.

ಮೊದಲು ಬ್ಯಾಂಡ್ ಬಗ್ಗೆ ಎರಡು ಮಾತು. ಆನ್ ಆರ್ಬರ್ ಅನ್ನುವ ವಿಶ್ವವಿದ್ಯಾಲಯದ ಊರಿನಲ್ಲಿ 1967ರಲ್ಲಿ ಸೇರಿದ ಹುಡುಗರು ಇವರು. ಹಾಡುವುದಕ್ಕೆ ಇಗ್ಗಿ ಪಾಪ್, ಗಿಟಾರಿಗೆ ರಾನ್ ಆಶ್ಟನ್, ಡ್ರಮ್ಮಿಗೆ ಅವನ ತಮ್ಮ ಸ್ಕಾಟ್, ಬೇಸ್‌ಗೆ ಡೇವ್ ಅಲೆಕ್ಸಾಂಡರ್. 1968ರಲ್ಲಿ ಎಲೆಕ್ಟ್ರಾ ಅನ್ನುವ ರೆಕಾರ್ಡ್ ಕಂಪನಿಯವರು ಎಂಸಿ5 ಬ್ಯಾಂಡನ್ನು ನೋಡಲು ಬಂದು, ಅದರ ಜೊತೆಗೆ ಇವರನ್ನೂ ಸೇರಿಸಿಕೊಂಡರು. ಎಂಸಿ5ಗೆ 20,000 ಡಾಲರ್, ಇವರಿಗೆ 5,000. ತರಕಾರಿ ಜೊತೆ ಕೊತ್ತಂಬರಿ ಕೊಟ್ಟ ಹಾಗೆ. ಪಂಕ್ ಅನ್ನುವ ಸಂಗೀತ ಲೋಕಕ್ಕೆ ಗೊತ್ತಾದದ್ದು 1976ರ ಸುಮಾರಿಗೆ. ಅದನ್ನು ಏಳೆಂಟು ವರ್ಷ ಮೊದಲೇ ನುಡಿಸಿ, ದುಡ್ಡೂ ಹೆಸರೂ ಸಿಗದೆ ಹೋದವರು ಇವರು. ಅದಕ್ಕೇ ಇವರನ್ನು ಪ್ರೋಟೋಪಂಕ್ ಅನ್ನುತ್ತಾರೆ.

ಬದುಕಿದ್ದಾಗಿನ ಮೂರು ಎಲ್‌ಪಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವುಗಳ ಮೊದಲ ಮುದ್ರಣ ಗುರುತಿಸುವುದು ಅಷ್ಟು ಕಷ್ಟ ಅಲ್ಲ. 1969ರ ಮೊದಲ ಆಲ್ಬಮ್ಮಿಗೂ 1970ರ 'ಫನ್ ಹೌಸ್'ಗೂ ಕೆಂಪು ಲೇಬಲ್ ಇರಬೇಕು, ಅದರ ಮೇಲೆ ದೊಡ್ಡ 'ಇ' ಅಕ್ಷರ. ಚಿಟ್ಟೆಯ ಚಿತ್ರದ ಲೇಬಲ್ ಇದ್ದರೆ ಅದು ಆಮೇಲಿನ ಮುದ್ರಣ. 1973ರ 'ರಾ ಪವರ್' ಕೊಲಂಬಿಯಾ ಕಂಪನಿಯದು. ನಂಬರ್ ಕೆಸಿ 32111. ಅದೇ ನಂಬರಿನ ಮುಂದೆ ಪಿಸಿ ಅಂತ ಇದ್ದರೆ ಮರುಮುದ್ರಣ. ಲೇಬಲ್ ಒಂದನ್ನೇ ನಂಬಬೇಡಿ. ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಒಂದು ಖಾಲಿ ಪಟ್ಟಿ ಉಳಿಯುತ್ತದೆ, ಅದಕ್ಕೆ ಡೆಡ್ ವ್ಯಾಕ್ಸ್ ಅನ್ನುತ್ತೇವೆ. ಅಲ್ಲಿ ಗೀಚಿದ ಅಥವಾ ಒತ್ತಿದ ಅಕ್ಷರಗಳಿರುತ್ತವೆ. ತಟ್ಟೆಯನ್ನು ಓರೆ ಹಿಡಿದು ಮೊಬೈಲ್ ಟಾರ್ಚ್ ಬಿಟ್ಟರೆ ಓದಬಹುದು. ಕವರ್ ಸುಳ್ಳು ಹೇಳಬಹುದು, ಅದಲುಬದಲಾಗಿರಬಹುದು. ಆ ಪಟ್ಟಿ ಸುಳ್ಳು ಹೇಳುವುದು ತೀರಾ ಕಡಿಮೆ.

ನಾನು ಮೊದಲು ಬಿದ್ದದ್ದು 'ಮೆಟಾಲಿಕ್ ಕೆ.ಓ.' ಅನ್ನುವ ಹಳ್ಳಕ್ಕೆ.

ಅದೇ ಕೊನೆಯ ಕಛೇರಿಯ ರೆಕಾರ್ಡಿಂಗ್. ಆ ರಾತ್ರಿಗೂ ಕೆಲವು ದಿನ ಮೊದಲು ಡೆಟ್ರಾಯಿಟ್ ಪಕ್ಕದ ಒಂದು ಚಿಕ್ಕ ಜಾಗದಲ್ಲಿ ಇಗ್ಗಿಗೂ ಬೈಕ್ ಗ್ಯಾಂಗಿನವರಿಗೂ ಹೊಡೆದಾಟ ಆಗಿತ್ತು. ಇವನು ಸುಮ್ನೆ ಇರದೆ ರೇಡಿಯೋದಲ್ಲಿ ಕೂತು ಅವರಿಗೆ ಸವಾಲು ಹಾಕಿದ. ಧೈರ್ಯ ಇದ್ದರೆ ಪ್ಯಾಲೇಸಿಗೆ ಬನ್ನಿ ಅಂತ. ಬಂದರು. ಬರಿಗೈಲಿ ಬರಲಿಲ್ಲ. ಆ ಗಲಾಟೆ ಪೂರ್ತಿ ಟೇಪಿನಲ್ಲಿದೆ. ಇಗ್ಗಿ ಜನರನ್ನು ಬೈಯುತ್ತಾನೆ, ಗಾಜು ಒಡೆಯುತ್ತದೆ, ಹಿಂದೆ ಪಿಯಾನೋ ಏನೂ ಆಗಿಲ್ಲ ಅನ್ನುವ ಹಾಗೆ ನಡೆದೇ ಇರುತ್ತದೆ. ಆ ಟೇಪ್ ಪ್ಯಾರಿಸ್ ಸೇರಿತು. 1976ರಲ್ಲಿ ಸ್ಕೈಡಾಗ್ ಅನ್ನುವ ಚಿಕ್ಕ ಫ್ರೆಂಚ್ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಅದನ್ನು ಎಲ್‌ಪಿ ಮಾಡಿತು. ಬ್ಯಾಂಡ್ ಸತ್ತು ಎರಡು ವರ್ಷ ಆಗಿತ್ತು. ಪಂಕ್ ಆಗಷ್ಟೇ ಕಣ್ಣು ಬಿಡುತ್ತಿತ್ತು. ಸರಿಯಾದ ಹೊತ್ತಿಗೆ ಬಂದ ತಿಥಿ ಊಟ ಅದು. ಬೇಕಾದವರು, ಬೇಡವಾದವರು ಎಲ್ಲರೂ ಬಂದು ಉಂಡರು.

ನಾನು ಕೊಂಡದ್ದು ಅಂಚೆಯಲ್ಲಿ. ಮಾರಿದವನು "1976, ಫ್ರೆಂಚ್, ಮೊದಲ ಮುದ್ರಣ" ಅಂತ ಬರೆದಿದ್ದ. ಫೋಟೋ ಕವರಿನದ್ದು ಮಾತ್ರ. ನಾನೂ ಕೇಳಲಿಲ್ಲ. ನೂರಿಪ್ಪತ್ತು ಡಾಲರ್ ಕೊಟ್ಟೆ. ಬಂದದ್ದು ಅದೇ ಲೇಬಲ್ಲಿನ ಎಷ್ಟೋ ವರ್ಷ ಆಮೇಲಿನ ಮರುಮುದ್ರಣ. ಅದಕ್ಕೆ ಇಪ್ಪತ್ತೈದು ಡಾಲರ್ ಕೊಡುವುದೂ ಜಾಸ್ತಿ ಆಯಿತು. ಕಾಗದ ಹೊಸ ವಾಸನೆ ಹೊಡೆಯುತ್ತಿತ್ತು. ಅವನು ದುಡ್ಡು ವಾಪಸ್ ಕೊಡಲಿಲ್ಲ. ಅವತ್ತಿನಿಂದ ನಿಯಮ ಮಾಡಿಕೊಂಡೆ: ಡೆಡ್ ವ್ಯಾಕ್ಸ್ ಫೋಟೋ ಎರಡೂ ಬದಿಯದು ಬರುವವರೆಗೆ ದುಡ್ಡಿಲ್ಲ. ನಿಜವಾದ ಮಾರಾಟಗಾರ ಐದು ನಿಮಿಷದಲ್ಲಿ ಕಳಿಸುತ್ತಾನೆ. ಕಳಿಸಲು ತಕರಾರು ಮಾಡುವವನ ಹತ್ತಿರ ಏನೋ ಇದೆ ಅಂತಲೇ ಅರ್ಥ.

ಇದಕ್ಕಿಂತ ದೊಡ್ಡ ಆಶ್ಚರ್ಯ ಬೇರೆ ಕಾದಿತ್ತು. ಆ ಎಲ್‌ಪಿಯ ಎರಡು ಬದಿ ಒಂದೇ ರಾತ್ರಿಯದಲ್ಲ! ಎರಡನೇ ಬದಿ 1974ರ ಫೆಬ್ರುವರಿ 9ರದು. ಮೊದಲನೇ ಬದಿ ಅದೇ ಪ್ಯಾಲೇಸಿನದೇ ಆದರೂ ನಾಲ್ಕು ತಿಂಗಳು ಹಿಂದಿನದು, 1973ರ ಅಕ್ಟೋಬರ್ 6ರದು. ಎಷ್ಟೋ ವರ್ಷ ಜನ ಇಡೀ ತಟ್ಟೆಯೇ ಕೊನೆಯ ಕಛೇರಿ ಅಂದುಕೊಂಡಿದ್ದರು. 1988ರಲ್ಲಿ 'ಮೆಟಾಲಿಕ್ ಟೂ ಎಕ್ಸ್ ಕೆ.ಓ.' ಅಂತ ಹಿಗ್ಗಿಸಿದ ಆವೃತ್ತಿ ಬಂತು, ಎರಡೂ ರಾತ್ರಿಯ ಇನ್ನಷ್ಟು ಭಾಗ ಸೇರಿಸಿ. ಕೇಳುವುದಕ್ಕೆ ನನಗೆ ಅದೇ ಇಷ್ಟ. ಆದರೂ ಕಪಾಟಿನಲ್ಲಿ ಇರಬೇಕಾದದ್ದು ಹಳೆಯ ಒಂಟಿ ತಟ್ಟೆ. ಅದು ಕೊನೆಗೂ ಸಿಕ್ಕಿದ್ದು ಮೂರು ವರ್ಷ ಆದ ಮೇಲೆ, ಒಂದು ಮನೆ ಖಾಲಿ ಮಾಡುವ ಮಾರಾಟದಲ್ಲಿ, ಅಡುಗೆ ಪುಸ್ತಕಗಳ ಡಬ್ಬದ ಕೆಳಗೆ. ಹದಿನೈದು ಡಾಲರ್. ಕವರಿನ ಮೂಲೆ ಇಲಿ ಕಡಿದ ಹಾಗಿತ್ತು. ತಟ್ಟೆ ಮಾತ್ರ ಚೆನ್ನಾಗಿತ್ತು.

ಇನ್ನು ನಿಜವಾದ ಚಕ್ರವ್ಯೂಹಕ್ಕೆ ಬರುತ್ತೇನೆ. 'ರಾ ಪವರ್' ಬಂದ ಮೇಲೆ ಬ್ಯಾಂಡನ್ನು ಮ್ಯಾನೇಜ್‌ಮೆಂಟ್ ಕೈಬಿಟ್ಟಿತು. ಇವರು ಹೊಸ ಹಾಡು ಕಟ್ಟುತ್ತಲೇ ಇದ್ದರು. 1973 ಪೂರ್ತಿ ಕಟ್ಟಿದರು. 'ಹೆಡ್ ಆನ್', 'ಓಪನ್ ಅಪ್ ಅಂಡ್ ಬ್ಲೀಡ್', 'ಜೊಹಾನಾ', 'ಹೆವಿ ಲಿಕ್ವಿಡ್'. ಒಂದು ಆಲ್ಬಮ್ಮಿಗೆ ಸಾಕಾಗುವಷ್ಟು. ಸ್ಟುಡಿಯೋಗೆ ಕರೆದುಕೊಂಡು ಹೋಗಿ ರೆಕಾರ್ಡ್ ಮಾಡಿಸುವವರು ಮಾತ್ರ ಯಾರೂ ಇರಲಿಲ್ಲ. ಹಾಗಾಗಿ ಆಗ ನಾಲ್ಕನೇ ಆಲ್ಬಮ್ ಅನ್ನುವುದು ಹುಟ್ಟಲೇ ಇಲ್ಲ. ಉಳಿದದ್ದು ರಿಹರ್ಸಲ್ ಟೇಪುಗಳು, ಕಛೇರಿ ಟೇಪುಗಳು. ಆ ಕೆಲವೇ ಟೇಪುಗಳನ್ನು ಐವತ್ತು ವರ್ಷದಿಂದ ಹೊಸ ಹೊಸ ಕವರಿನಲ್ಲಿ ಮಾರುತ್ತಲೇ ಇದ್ದಾರೆ. ಫ್ರೆಂಚ್ ಲೇಬಲ್, ಕ್ಯಾಲಿಫೋರ್ನಿಯಾ ಲೇಬಲ್, ಇಂಗ್ಲಿಷ್ ಲೇಬಲ್, ಹೆಸರೇ ಇಲ್ಲದ ಲೇಬಲ್. ಕವರಿನ ಮೇಲೆ ಶರ್ಟ್ ಬಿಚ್ಚಿದ ಇಗ್ಗಿ. ಹಿಂದೆ "ಇದುವರೆಗೆ ಎಲ್ಲೂ ಬಾರದ" ಅನ್ನುವ ಸಾಲು.

ಒಂದು ವರ್ಷದಲ್ಲಿ ನಾನು ಅಂಥ ಐದು ಎಲ್‌ಪಿ ಕೊಂಡೆ. ಒಂದು ಭಾನುವಾರ ಐದನ್ನೂ ಒಂದಾದ ಮೇಲೊಂದು ಹಾಕಿದೆ. ಮೂರನೆಯದರಲ್ಲಿ ಹಾಡಿಗೆ ಮೊದಲು ಯಾರೋ ಒಂದು ಸಲ ಕೆಮ್ಮುತ್ತಾರೆ. ಮೊದಲನೆಯದರಲ್ಲೂ ಅದೇ ಕೆಮ್ಮು ಕೇಳಿದ ನೆನಪು. ವಾಪಸ್ ಹಾಕಿದೆ. ಅದೇ ಕೆಮ್ಮು. ಐದನೆಯದರಲ್ಲೂ ಇತ್ತು, ಸ್ವಲ್ಪ ವೇಗ ಜಾಸ್ತಿ ಅಷ್ಟೇ. ಐದು ಎಲ್‌ಪಿಗೆ ಕೊಟ್ಟ ದುಡ್ಡಿನಲ್ಲಿ ಎರಡು ಟೇಪ್ ಸಿಕ್ಕಿತ್ತು. ಹೆಂಡತಿ ಅಡುಗೆಮನೆಯಿಂದ ಬಂದು ಕೇಳಿದಳು, "ಅಲ್ರೀ, ಅದ ಹಾಡು ಎಷ್ಟ ಸಲ ತಗೋತೀರಿ?" ಅವಳಿಗೆ ಕೆಮ್ಮು ನನಗಿಂತ ಮೊದಲೇ ಗೊತ್ತಾಗಿತ್ತಂತೆ.

ಅವತ್ತು ರಾತ್ರಿಯೇ ಮಾಮಾನ ಪದ್ಧತಿ ಹಿಡಿದೆ. ಇನ್ನೂರು ಹಾಳೆಯ ಒಂದು ನೋಟ್‌ಬುಕ್. ಎಲ್ಲರೂ ಆಲ್ಬಮ್ ಹೆಸರಿನ ಮೇಲೆ ಪಟ್ಟಿ ಮಾಡುತ್ತಾರೆ. ನಾನು ಟೇಪಿಗೆ ಒಂದು ಪುಟ ಕೊಟ್ಟೆ. ಪುಟದ ತಲೆಯಲ್ಲಿ ತಾರೀಖು, ಊರು, ಯಾರು ಯಾರು ನುಡಿಸಿದರು. ಕೆಳಗೆ, ಆ ಟೇಪ್ ಯಾವ ಯಾವ ಎಲ್‌ಪಿಯ ವೇಷ ಹಾಕಿದೆ ಅಂತ. ಪಕ್ಕದಲ್ಲಿ ಯಾವುದರಲ್ಲಿ ಸದ್ದು ಚೆನ್ನಾಗಿದೆ, ಯಾವುದರ ವೇಗ ತಪ್ಪಾಗಿದೆ, ಯಾವುದರಲ್ಲಿ ಕೊನೆಯ ಹಾಡು ಕತ್ತರಿಸಿದ್ದಾರೆ. ಟೇಪ್ ಗುರುತಿಸುವುದಕ್ಕೆ ಹಾಡು ಕೇಳಬೇಕಾಗಿಲ್ಲ. ಹಾಡಿನ ನಡುವಿನ ಮಾತು ಕೇಳಿ. ಕೆಮ್ಮು, ಶ್ರುತಿ ಮಾಡಿಕೊಳ್ಳುವ ತಂತಿ, ಇಗ್ಗಿಯ ಬೈಗುಳ, ಬಿದ್ದ ಮೈಕು. ಅವೇ ಟೇಪಿನ ಮಚ್ಚೆಗಳು. ಒಂದು ರಿಹರ್ಸಲ್ಲಿಗಂತೂ ನನ್ನ ಪುಸ್ತಕದಲ್ಲಿ ಈಗ ಒಂಬತ್ತು ಅಂಗಿ ಇವೆ. ಒಂಬತ್ತರಲ್ಲಿ ಒಂದನ್ನು ಇಟ್ಟುಕೊಂಡು, ಕೈಯಲ್ಲಿದ್ದ ಉಳಿದವನ್ನು ಮಾರಿಬಿಟ್ಟೆ.

ಪುಸ್ತಕ ತುಂಬುತ್ತಾ ಹೋದ ಹಾಗೆ ಯಾವುದು ಬೇಕು, ಯಾವುದು ಬೇಡ ಅನ್ನುವುದೂ ತಾನಾಗಿ ಬಿಡಿಸಿಕೊಂಡಿತು. 1972ರಲ್ಲಿ ಲಂಡನ್ನಿನಲ್ಲಿ 'ರಾ ಪವರ್'ಗೂ ಮೊದಲು ರೆಕಾರ್ಡ್ ಮಾಡಿದ ಕೆಲವು ಹಾಡುಗಳಿವೆ. 1977ರಲ್ಲಿ ಅವು ಏಳು ಇಂಚಿನ ಪುಟ್ಟ ತಟ್ಟೆಗಳಾಗಿ ಬಂದವು. 'ಐ ಗಾಟ್ ಎ ರೈಟ್' ಸಯಾಮೀಸ್ ಅನ್ನುವ ಲೇಬಲ್ಲಿನಲ್ಲಿ, 'ಐ ಆಮ್ ಸಿಕ್ ಆಫ್ ಯು' ಕ್ಯಾಲಿಫೋರ್ನಿಯಾದ ಬಾಂಪ್ ಲೇಬಲ್ಲಿನಲ್ಲಿ. ಎರಡನೆಯದರ ಹಿಂಬದಿಯಲ್ಲಿ 'ಟೈಟ್ ಪ್ಯಾಂಟ್ಸ್' ಅಂತ ಒಂದು ಹಾಡಿದೆ. ಅದೇ ಹಾಡು ಮಾತು ಬದಲಿಸಿಕೊಂಡು 'ರಾ ಪವರ್'ನಲ್ಲಿ 'ಶೇಕ್ ಅಪೀಲ್' ಆಯಿತು. ಈ ಎರಡು ಪುಟ್ಟ ತಟ್ಟೆಗೆ ದುಡ್ಡು ಕೊಡಲು ನಾನು ಹಿಂದೆಮುಂದೆ ನೋಡಲಿಲ್ಲ. ಅಮೆರಿಕದಲ್ಲಿ 45ರ ವೇಗದ ಹಳೆಯ ಸಿಂಗಲ್ಲುಗಳನ್ನು ಜನ ಜೂಕ್‌ಬಾಕ್ಸಿಗೆ, ಪಾರ್ಟಿಗೆ ಹಾಕಿ ತೇಯ್ದಿರುತ್ತಾರೆ. ಇವನ್ನು ಪಾರ್ಟಿಗೆ ಯಾರೂ ಹಾಕಿಲ್ಲ. ಅದಕ್ಕೇ ಸಿಕ್ಕಾಗ ಚೆನ್ನಾಗಿಯೇ ಇರುತ್ತವೆ.

'ಕಿಲ್ ಸಿಟಿ' ಕೂಡ 1977ರದೇ, ಬಾಂಪ್‌ನದೇ. ಇದು ಲೆಕ್ಕಕ್ಕೆ ಸ್ಟೂಜಸ್ ಅಲ್ಲ. ಇಗ್ಗಿ ಮತ್ತು 'ರಾ ಪವರ್'ಗೆ ಗಿಟಾರ್ ನುಡಿಸಿದ ಜೇಮ್ಸ್ ವಿಲಿಯಮ್ಸನ್ ಇಬ್ಬರ ಹೆಸರಿನಲ್ಲಿ ಬಂದದ್ದು. 1975ರಲ್ಲಿ ಇಗ್ಗಿ ಲಾಸ್ ಏಂಜಲಿಸ್‌ನ ಮಾನಸಿಕ ಆಸ್ಪತ್ರೆಯಲ್ಲಿದ್ದ. ವಾರದ ಕೊನೆಗೆ ರಜೆ ಹಾಕಿ ಬಂದು ಹಾಡಿ ಹೋಗುತ್ತಿದ್ದ. ಯಾವ ಕಂಪನಿಯೂ ಬೇಡ ಅಂದಿತು. ಎರಡು ವರ್ಷ ಬಿಟ್ಟು, ಇಗ್ಗಿಗೆ ಹೆಸರು ಬಂದ ಮೇಲೆ ಹೊರಬಂತು. ಹಸಿರು ಬಣ್ಣದ ತಟ್ಟೆ. ಹಸಿರು ಕಂಡ ಕೂಡಲೇ ಮೊದಲ ಮುದ್ರಣ ಅಂತ ಎದೆ ಬಡಿದುಕೊಳ್ಳಬೇಡಿ, ಟಾರ್ಚ್ ತೆಗೆಯಿರಿ. 2010ರಲ್ಲಿ ವಿಲಿಯಮ್ಸನ್ ಅದನ್ನು ಹೊಸದಾಗಿ ಮಿಕ್ಸ್ ಮಾಡಿದ, ಅಂದರೆ ದನಿ, ಗಿಟಾರ್, ಡ್ರಮ್ ಯಾವುದು ಎಷ್ಟು ಕೇಳಬೇಕು ಅಂತ ಮತ್ತೆ ಹೊಂದಿಸಿದ. ಹಳೆಯದು ಕೆಸರಿನಲ್ಲಿ ನಡೆದ ಹಾಗೆ ಕೇಳುತ್ತದೆ, ಹೊಸದು ತೊಳೆದ ಹಾಗೆ. ಈ ಒಂದು ವಿಷಯದಲ್ಲಿ ನನಗೆ ಹೊಸದೇ ವಾಸಿ. ಹಳೆಯ ಸಂಗ್ರಾಹಕರು ಒಪ್ಪುವುದಿಲ್ಲ.

ವಿಲಿಯಮ್ಸನ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಕಡೆ ಎಂಜಿನಿಯರಿಂಗ್ ಓದಿ, ಕೆಲಸ ಬಿಟ್ಟು, ಸಂಗೀತಕ್ಕೆ ಇಳಿದವರ ಕಥೆ ಬೇಕಾದಷ್ಟು ಕೇಳುತ್ತೇವೆ. ಈ ಮನುಷ್ಯ ಉಲ್ಟಾ. ಇಷ್ಟು ಒಳ್ಳೆಯ ಗಿಟಾರ್ ಕೆಳಗಿಟ್ಟು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ. ಸಿಲಿಕಾನ್ ವ್ಯಾಲಿ ಸೇರಿ, ಸೋನಿಯಲ್ಲಿ ತಾಂತ್ರಿಕ ಮಾನದಂಡಗಳ ವಿಭಾಗದ ಉಪಾಧ್ಯಕ್ಷ ಆದ. ವರ್ಷಗಟ್ಟಲೆ ಟೈ ಕಟ್ಟಿಕೊಂಡು ಮೀಟಿಂಗಿಗೆ ಹೋದ. 2009ರಲ್ಲಿ ರಾನ್ ಆಶ್ಟನ್ ತೀರಿಕೊಂಡ. ಅದೇ ವರ್ಷ ವಿಲಿಯಮ್ಸನ್ ಕೆಲಸದಿಂದ ನಿವೃತ್ತನಾಗಿ, ಅಷ್ಟರಲ್ಲಿ ಮತ್ತೆ ಒಟ್ಟು ಸೇರಿದ್ದ ಸ್ಟೂಜಸ್‌ಗೆ ಗಿಟಾರ್ ಹಿಡಿದ. ಬ್ರೇಕ್ ಪ್ಯಾಡಿನ ಟೆಸ್ಟ್ ರಿಪೋರ್ಟ್ ಬರೆಯುತ್ತಾ ಕೂತ ಮಧ್ಯಾಹ್ನಗಳಲ್ಲಿ ನನಗೆ ಅವನ ನೆನಪು ಬರುವುದುಂಟು.

'ರಾ ಪವರ್' ಸುತ್ತ ಇನ್ನೊಂದು ಜಾತ್ರೆಯೇ ಇದೆ. ಅದನ್ನು ಮಿಕ್ಸ್ ಮಾಡಿದ್ದು ಇಂಗ್ಲೆಂಡಿನ ಹಾಡುಗಾರ ಡೇವಿಡ್ ಬೋವಿ. ಗಿಟಾರ್ ಮುಂದೆ, ಡ್ರಮ್ ಎಲ್ಲೋ ಪಕ್ಕದ ಮನೆಯಲ್ಲಿ. ಇಪ್ಪತ್ನಾಲ್ಕು ಟ್ರ್ಯಾಕಿನ ಟೇಪಿನಲ್ಲಿ ಮೂರನ್ನೇ ಬಳಸಿದ್ದರು, ಒಂದರಲ್ಲಿ ಬ್ಯಾಂಡ್, ಒಂದರಲ್ಲಿ ಗಿಟಾರ್, ಒಂದರಲ್ಲಿ ಇಗ್ಗಿ, ನಾನೇನು ಮಾಡಲಿ ಅಂತ ಬೋವಿ ಆಮೇಲೆ ಹೇಳಿಕೊಂಡಿದ್ದ. 1997ರಲ್ಲಿ ಇಗ್ಗಿ ತಾನೇ ಮತ್ತೆ ಮಿಕ್ಸ್ ಮಾಡಿ ಕಿವಿ ಹರಿಯುವಷ್ಟು ಜೋರು ಮಾಡಿದ. ಬೋವಿಗೂ ಹಿಂದಿನ ಮಿಕ್ಸ್‌ಗಳನ್ನು ಬಾಂಪ್ 'ರಫ್ ಪವರ್' ಅಂತ ತಂದಿತು. 2012ರ ರೆಕಾರ್ಡ್ ಸ್ಟೋರ್ ಡೇ ಅನ್ನುವ ರೆಕಾರ್ಡ್ ಅಂಗಡಿಗಳ ವಾರ್ಷಿಕ ಹಬ್ಬದ ಹೊತ್ತಿಗೆ ಬೋವಿಯದು ಒಂದು ತಟ್ಟೆ, ಇಗ್ಗಿಯದು ಒಂದು ತಟ್ಟೆ ಅಂತ ಜೋಡಿ ಎಲ್‌ಪಿ ಬಂತು. ಒಂದೇ ಒಂದು ಕೊಳ್ಳುವುದಾದರೆ ಅದನ್ನು ಕೊಳ್ಳಿ. ಇಬ್ಬರ ಜಗಳ ಒಂದೇ ಕವರಿನಲ್ಲಿ ಸಿಗುತ್ತದೆ.

ಈಗ ಗೂಸ್ ಲೇಕ್. ಇದನ್ನು ಹೇಳುವುದಕ್ಕೇ ಇಷ್ಟು ಬರೆಯಲು ಕೂತದ್ದು ಅಂದರೂ ತಪ್ಪಿಲ್ಲ.

1970ರ ಆಗಸ್ಟ್ 8. ಮಿಶಿಗನ್‌ನ ಜ್ಯಾಕ್ಸನ್ ಹತ್ತಿರ ಗೂಸ್ ಲೇಕ್ ಅನ್ನುವ ಕೆರೆಯ ದಂಡೆಯಲ್ಲಿ ದೊಡ್ಡ ಸಂಗೀತ ಮೇಳ. ಎರಡು ಲಕ್ಷದಷ್ಟು ಜನ. 'ಫನ್ ಹೌಸ್' ಬಂದು ಒಂದೇ ತಿಂಗಳಾಗಿತ್ತು. ಆ ದಿನ ಬೇಸ್ ನುಡಿಸುವ ಡೇವ್ ಅಲೆಕ್ಸಾಂಡರ್ ನಶೆಯಲ್ಲಿ ವೇದಿಕೆ ಮೇಲೆ ಕಲ್ಲಾಗಿ ನಿಂತುಬಿಟ್ಟ, ಒಂದು ಸ್ವರವನ್ನೂ ನುಡಿಸಲಿಲ್ಲ ಅಂತ ಕಥೆ. ಇಗ್ಗಿ ಅವನನ್ನು ಬ್ಯಾಂಡಿನಿಂದ ತೆಗೆದುಹಾಕಿದ. ಮೂಲ ನಾಲ್ವರು ಒಟ್ಟಿಗೆ ನುಡಿಸಿದ್ದು ಅದೇ ಕೊನೆ. ಡೇವ್ 1975ರಲ್ಲಿ ತೀರಿಕೊಂಡ, ಇಪ್ಪತ್ತೇಳು ವಯಸ್ಸಿಗೆ. ಆ ಕಥೆ ಅವನ ಹೆಸರಿಗೆ ಅಂಟಿಕೊಂಡೇ ಇತ್ತು. ನಾನು ಓದಿದ ಕಡೆಯೆಲ್ಲ ಅದೇ ಸಾಲು. ನನ್ನ ನೋಟ್‌ಬುಕ್ಕಿನಲ್ಲೂ "ಗೂಸ್ ಲೇಕ್" ಅಂತ ಒಂದು ಪುಟ ತೆಗೆದು, ಕೆಳಗೆ ಖಾಲಿ ಬಿಟ್ಟಿದ್ದೆ. ಸರಿಯಾದ ಟೇಪ್ ಇಲ್ಲ.

ಆಮೇಲೆ ಮಿಶಿಗನ್‌ನ ಒಂದು ತೋಟದ ಮನೆಯ ನೆಲಮಾಳಿಗೆಯಲ್ಲಿ ಕಾಲು ಇಂಚಿನ ಟೇಪ್ ಸಿಕ್ಕಿತು. ಆ ದಿನ ಮೇಳದ ಸೌಂಡ್ ನೋಡಿಕೊಂಡವರು ವೇದಿಕೆಯ ಮಿಕ್ಸರಿನಿಂದಲೇ ಹಿಡಿದದ್ದು. ಇಡೀ ಕಛೇರಿ. ಡೆಟ್ರಾಯಿಟ್‌ನಲ್ಲಿ ಅಂಗಡಿ ಮತ್ತು ಎಲ್‌ಪಿ ಒತ್ತುವ ಕಾರ್ಖಾನೆ ಎರಡೂ ಇರುವ ಥರ್ಡ್ ಮ್ಯಾನ್ ಅದನ್ನು 2020ರ ಆಗಸ್ಟಿನಲ್ಲಿ ಹೊರತಂದಿತು. ಸರಿಯಾಗಿ ಐವತ್ತು ವರ್ಷ. ಕೊರೋನಾ ಕಾಲ. ಡಬ್ಬ ಬಾಗಿಲಲ್ಲಿ ಬಿದ್ದಿತ್ತು. ಒರೆಸಿ ಒಳಗೆ ತಂದೆ. ಮಗಳ ಆನ್‌ಲೈನ್ ಕ್ಲಾಸ್ ನಡೆಯುತ್ತಿತ್ತು, ಅದಕ್ಕೆ ಹೆಡ್‌ಫೋನ್ ಹಾಕಿಕೊಂಡೆ.

ಬೇಸ್ ಇದೆ. ಅಲ್ಲಲ್ಲಿ ತಡವರಿಸುತ್ತದೆ, ಕೆಲವು ಕಡೆ ಮಾಯ ಆಗುತ್ತದೆ. ಹುಷಾರಿಲ್ಲದವನು ಮೆಟ್ಟಿಲು ಹತ್ತಿದ ಹಾಗೆ. ಆದರೆ ಇದೆ. ಮನುಷ್ಯ ನುಡಿಸಿದ್ದಾನೆ. ಐವತ್ತು ವರ್ಷ ಒಬ್ಬ ಸತ್ತವನ ಮೇಲೆ ಹೊರಿಸಿದ್ದ ಮಾತು ನನ್ನ ಕಿವಿಯಲ್ಲೇ ಕರಗಿತು. ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಮೇಲೆ ನೋಟ್‌ಬುಕ್ ತೆಗೆದು ಆ ಖಾಲಿ ಪುಟಕ್ಕೆ ಬರೆದೆ: "ಬೇಸ್ – ಡೇವ್ ಅಲೆಕ್ಸಾಂಡರ್. ನುಡಿಸಿದ್ದಾನೆ."

ಅದೇ 2020ರಲ್ಲಿ ರೈನೋ ಕಂಪನಿ 'ಫನ್ ಹೌಸ್'ನ ದೊಡ್ಡ ಪೆಟ್ಟಿಗೆ ತಂದಿತು. ಹದಿನೈದು ಎಲ್‌ಪಿ. 1970 ಪ್ರತಿ ಮಾತ್ರ, ಆಲ್ಬಮ್ ಬಂದ ವರ್ಷದ ಲೆಕ್ಕ. ಬೆಲೆ ನಾನೂರು ಡಾಲರ್ ಆಸುಪಾಸು. ಸ್ಟುಡಿಯೋದಲ್ಲಿ ಆ ಹಾಡುಗಳನ್ನು ಎಷ್ಟು ಸಲ ನುಡಿಸಿದರೋ ಎಲ್ಲ ಇದೆ. 'ಲೂಸ್' ಅನ್ನುವ ಒಂದೇ ಹಾಡು ಇಪ್ಪತ್ತಕ್ಕೂ ಜಾಸ್ತಿ ಸಲ. ಇದೇ ಸರಕು 1999ರಲ್ಲಿ ಏಳು ಸಿಡಿಯ ಪೆಟ್ಟಿಗೆಯಾಗಿ ಬಂದಿತ್ತು, 3,000 ಪ್ರತಿ. ಆ ಸಿಡಿ ನನ್ನ ಹತ್ತಿರ ಇತ್ತು. ನೋಟ್‌ಬುಕ್ ತೆರೆದರೆ ಪುಟ ಆಗಲೇ ತುಂಬಿತ್ತು. ಟೇಪ್ ಅದೇ. ಮೂರು ದಿನ ಒದ್ದಾಡಿದೆ. ಕೊಳ್ಳಲಿಲ್ಲ. ಈಗಲೂ ಆ ಪೆಟ್ಟಿಗೆಯ ಫೋಟೋ ಕಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನಿಯಮ ಮಾಡಿಕೊಂಡವರ ಹಣೆಬರಹ ಇದು.

ಕಳ್ಳ ಮುದ್ರಣಗಳ ಬಗ್ಗೆ ಕೇಳುವವರಿದ್ದಾರೆ. ನಿಜ ಹೇಳಬೇಕೆಂದರೆ ಈ ಬ್ಯಾಂಡಿನ ವಿಷಯದಲ್ಲಿ ಗೆರೆ ಎಳೆಯುವುದು ಕಷ್ಟ. 1971ರಲ್ಲಿ ಇಬ್ಬರು ಗಿಟಾರಿನವರನ್ನು ಇಟ್ಟುಕೊಂಡು ಐದು ಜನರ ಬ್ಯಾಂಡ್ ಆಗಿದ್ದರು. ಅವರನ್ನು ಯಾವ ಕಂಪನಿಯೂ ಸ್ಟುಡಿಯೋಗೆ ಕರೆಯಲಿಲ್ಲ. ಆ ವರ್ಷದ ಹಾಡು ಉಳಿದದ್ದೇ ಸಭಿಕರ ಮಧ್ಯೆ ಕೂತು ಯಾರೋ ಹಿಡಿದ ಟೇಪಿನಿಂದ. ಸದ್ದು ಬಾವಿಯೊಳಗಿಂದ ಬಂದ ಹಾಗಿದೆ. ಇಂಗ್ಲೆಂಡಿನ ಈಸಿ ಆ್ಯಕ್ಷನ್ ಲೇಬಲ್ 2009ರಲ್ಲಿ ಅವನ್ನು ಒಟ್ಟು ಮಾಡಿ, ತಾರೀಖು ಊರು ಎಲ್ಲ ಬರೆದು ಪೆಟ್ಟಿಗೆ ತಂದಿತು. ಅಂಥವರಿಗೆ ನನ್ನ ದುಡ್ಡು ಸಂತೋಷದಿಂದ ಹೋಗುತ್ತದೆ. ಕವರಿನ ಮೇಲೆ ತಾರೀಖೂ ಇಲ್ಲ, ನುಡಿಸಿದವರ ಹೆಸರೂ ಇಲ್ಲ ಅಂದರೆ ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ. ಹೆಸರು ಬರೆಯಲು ನಾಚಿಕೆ ಪಡುವವನು ನುಡಿಸಿದವರಿಗೆ ದುಡ್ಡನ್ನೂ ಕೊಟ್ಟಿರುವುದಿಲ್ಲ.

ತಟ್ಟೆ ನೋಡಿಕೊಳ್ಳುವ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮಾರುವವರ ಭಾಷೆಯಲ್ಲಿ 'ಗುಡ್' ಅಂದರೆ ಹಾಳಾಗಿದೆ ಅಂತ ಅರ್ಥ. 'ವೆರಿ ಗುಡ್ ಪ್ಲಸ್' ಅಂದರೆ ಕೇಳಬಹುದು. ಅಂಚೆಯಲ್ಲಿ ತರಿಸುವಾಗ ತಟ್ಟೆಯನ್ನು ಕವರಿನಿಂದ ಹೊರತೆಗೆದು ಬೇರೆ ಇಟ್ಟು ಕಳಿಸಿ ಅಂತ ಹೇಳಿ, ಇಲ್ಲದಿದ್ದರೆ ಒಳಗೆ ಆಡಿ ಆಡಿ ಕವರಿನ ಅಂಚು ಸೀಳುತ್ತದೆ. ತೊಳೆಯಲು ಡಿಸ್ಟಿಲ್ಡ್ ನೀರು, ಅದಕ್ಕೆ ಸ್ವಲ್ಪವೇ ಐಸೊಪ್ರೊಪೈಲ್ ಆಲ್ಕೋಹಾಲ್. ಇದು ವಿನೈಲಿಗೆ ಮಾತ್ರ. ಊರಿನ ಮನೆಯಲ್ಲಿ ಅಜ್ಜನ ಕಾಲದ 78ರ ವೇಗದ ತಟ್ಟೆ ಇದ್ದರೆ ಅದಕ್ಕೆ ಆಲ್ಕೋಹಾಲ್ ತಾಗಿಸಲೇಬೇಡಿ. ಅದು ಅರಗಿನದು, ಕರಗುತ್ತದೆ. ಇಡುವಾಗ ಪುಸ್ತಕದ ಹಾಗೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಬಿಸಿಲಿಗೆ ಬಿಡಬೇಡಿ. ಇದನ್ನು ನಾನು ಕಲಿತದ್ದು ಒಂದು ಜುಲೈ ತಿಂಗಳು, ಕನ್ನಡ ಕೂಟದ ಪಿಕ್ನಿಕ್ ದಿನ. ದಾರಿಯಲ್ಲಿ ಆನ್ ಆರ್ಬರ್ ಅಂಗಡಿಯಲ್ಲಿ ಕೊಂಡ ಎಲ್‌ಪಿಯನ್ನು ಡಿಕ್ಕಿಯಲ್ಲಿ ಮರೆತು ಬಿಸಿಬೇಳೆಬಾತ್ ತಿನ್ನುತ್ತಾ ಕೂತೆ. ಸಂಜೆ ತೆಗೆದರೆ ಹಪ್ಪಳ.

ಹೋದ ವರ್ಷ ಬೇಸಿಗೆಯಲ್ಲಿ ಮಾಮಾ ಬಂದಿದ್ದರು. ಎಪ್ಪತ್ತೆಂಟು ವಯಸ್ಸು. ಆ ಪಾರ್ಕಿಂಗ್ ಕಟ್ಟಡಕ್ಕೆ ಕರೆದುಕೊಂಡು ಹೋಗಿ ಚಾವಣಿ ತೋರಿಸಿದೆ. ಬಹಳ ಹೊತ್ತು ಕತ್ತು ಎತ್ತಿ ನೋಡಿದರು. ಮನೆಗೆ ಬಂದ ಮೇಲೆ, ಅಲ್ಲಿ ಏನಾಗಿತ್ತು ಕೇಳಿಸು ಅಂದರು. 'ಮೆಟಾಲಿಕ್ ಕೆ.ಓ.' ಎರಡನೇ ಬದಿ ಹಾಕಿದೆ. ಚಹಾ ಬಟ್ಟಲು ಕೈಯಲ್ಲೇ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತರು, ಬೈಠಕ್ಕಿನಲ್ಲಿ ಕೂತ ಹಾಗೆ. ಗಾಜು ಒಡೆದ ಸದ್ದಿಗೆ ಕಣ್ಣು ಬಿಟ್ಟರು.

"ಏನ್ ಒಗ್ಯಾಕತ್ತಾರೋ ಜನ?"

"ಬಾಟ್ಲಿ, ಮಾಮಾ."

"ಟಿಕೀಟ್ ತಗೊಂಡ ಬಂದಾವ್ರೇನು ಅವರು?"

"ಹೌದು."

ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಪಿಯಾನೋ ಕಡೆ ಕಿವಿ ಕೊಟ್ಟು, "ಪೆಟ್ಟಿಗಿ ಬಾರ್ಸಾವ ಗಟ್ಟಿಗ ಅದಾನ, ಎದ್ದ ಹೋಗಿಲ್ಲ ನೋಡು" ಅಂದರು. ಆಮೇಲೆ ಕೇಳಿದರು, "ಇನ್ನೊಂದ ಬಾಜೂನೂ ಇದ ದಿನದ್ದೇನು?"

"ಅಲ್ಲ ಮಾಮಾ. ಅದು ನಾಕ ತಿಂಗಳ ಮೊದಲಿಂದು. ಅಕ್ಟೋಬರ್ ಆರು, ಎಪ್ಪತ್ಮೂರು."

ಮಾಮಾ ಕವರ್ ತಗೊಂಡು ಮುಂದೆ ನೋಡಿದರು, ಹಿಂದೆ ನೋಡಿದರು. ಒಳಗಿನ ಬಿಳಿ ಕಾಗದದ ಚೀಲ ಹೊರಗೆಳೆದರು. ಅಂಗಿಯ ಜೇಬಿನಿಂದ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟರು.

"ಬರಿ. ಪೆಟ್ಟಿಗಿಯಾವನ ಹೆಸರೂ ಬರಿ."

ಬರೆದೆ. ಸ್ಕಾಟ್ ಥರ್ಸ್ಟನ್, ಪಿಯಾನೋ.